ಹಳೆ ಫ್ರೆಂಚ್ ಕ್ಯಾಬರೆ ಪೋಸ್ಟರ್ ತಗೊಂಡವರು ಇದ್ದೀರಾ? ಅನುಭವ ಹೇಳಿ

ಲಿಯೋನ್ ಕನ್ನಡಿಗ
ಪ್ಯಾರಿಸ್ ಪಕ್ಕದ ಸ್ಯಾಂತ್ವಾಂ ಸಂತೆಯಲ್ಲಿ ನರ್ತಕಿ ಜೇನ್ ಅವ್ರಿಲ್ ಪೋಸ್ಟರ್ ಒಂದು ನೋಡಿದೆ. ಚಿತ್ರಕಾರ ಲೊಟ್ರೆಕ್ ಬರೆದದ್ದು, 1893ರದ್ದು. ಅವಳು ಕಾಲೆತ್ತಿ ಕುಣಿಯುತ್ತಿದ್ದಾಳೆ, ಮುಂದೆ ವಾದ್ಯದವನ ಕೈ. ಅಳತೆ 60×80 ಸೆಂ.ಮೀ. ಅಂಗಡಿಯವರು 'ಒರಿಜಿನಲ್ ಲಿಥೋ', ಅಂದರೆ ಆ ಕಾಲದ ಕಲ್ಲಚ್ಚು, ಅನ್ನುತ್ತಾರೆ, 1,400 ಯೂರೋ. ಮುಂದಿನ ವರ್ಷ ಬೆಂಗಳೂರಿಗೆ ವಾಪಸ್ ಹೋಗುತ್ತೇವೆ. ತಗೊಳ್ಳಬಹುದಾ?

ನಾಂತ್ ಮಂಜ
ಲೊಟ್ರೆಕ್ ಹಿಂದೆ ಬೀಳಬೇಡಿ. ಎಲ್ಲರಿಗೂ ಅವನೇ ಬೇಕು, ಅದಕ್ಕೇ ಆ ರೇಟು. ನಾನು ತಗೊಂಡಿದ್ದು ಗಾಯಕಿ, ನರ್ತಕಿ ಮಿಸ್ತ್ಯಾಂಗೆತ್‌ದು, ಜೆಸ್ಮಾರ್ ಬರೆದದ್ದು. ಅವಳ ಉಡುಪೂ ಅವನದೇ, ಪೋಸ್ಟರೂ ಅವನದೇ. 1928ರಲ್ಲಿ ಸತ್ತಾಗ ಅವನಿಗೆ ಮೂವತ್ತು ಕೂಡ ತುಂಬಿರಲಿಲ್ಲ.

ಖರ್ಚು ಕೇಳಿ. ಹರಾಜಿನಲ್ಲಿ ನನ್ನ ಕೂಗು ನಿಂತದ್ದು 850ಕ್ಕೆ. ಗೆದ್ದೆ ಅಂದುಕೊಂಡೆ. ಆಮೇಲೆ ಬಿಲ್ಲು ಬಂತು. ಅವರ ಕಮಿಷನ್ 28%, ಅಂದರೆ 238. ಆನ್‌ಲೈನಲ್ಲಿ ಕೂಗಿದ್ದಕ್ಕೆ ಬೇರೆ 1.5%, ಅಂದರೆ 12.75. ತಕ್ಷಣ ಹೋಗಿ ತರಲಿಲ್ಲ ಅಂತ ಗೋಡೌನ್ ಬಾಡಿಗೆ 36. ಬಿಚ್ಚಿ ನೋಡಿದರೆ ಮಡಿಕೆ ಇದ್ದ ಕಡೆಯೆಲ್ಲ ಸೀಳು, ಕ್ಯಾಟಲಾಗಲ್ಲಿ ಮಾತ್ರ 'ಸ್ಥಿತಿ ಬಿ ಪ್ಲಸ್' ಅಂತ ಇತ್ತು. ಬಟ್ಟೆಗೆ ಅಂಟಿಸಲು 290. ಫ್ರೇಮಿನವನು ಇಷ್ಟು ದೊಡ್ಡದಕ್ಕೆ ಗಾಜು ಹಾಕೋದೇ ಇಲ್ಲ ಅಂದ, ಯುವಿ ತಡೆಯುವ ಅಕ್ರಿಲಿಕ್ಕೇ ಆಗಬೇಕಂತೆ, ಅದಕ್ಕೆ 410. ಕೂಡಿದರೆ 1,836 ಯೂರೋ 75 ಸೆಂಟು. ಸೆಂಟು ಯಾಕೆ ನೆನಪಿದೆ ಅಂದರೆ ಹೆಂಡತಿ ಪ್ರತಿ ದೀಪಾವಳಿಗೆ ಅದನ್ನೇ ಎತ್ತುತ್ತಾಳೆ. ಎತ್ತಲಿ. ಈಗ ಮನೆಗೆ ಬಂದವರೆಲ್ಲ ಮೊದಲು ಅದರ ಮುಂದೆಯೇ ನಿಲ್ಲುತ್ತಾರೆ.

ಕೊಡಿಯಾಲಬೈಲ್ ಅಕ್ಕ
ಊರಿಗೆ ತರುವವರು ಇದನ್ನು ಓದಿ. ನಾವು ಪ್ಯಾರಿಸ್ ಬಿಟ್ಟಾಗ ಶೆರೇ ಎಂಬ ಕಲಾವಿದ ಬರೆದ ಒಂದು ಪೋಸ್ಟರ್ ತಂದೆವು, ಪ್ಯಾರಿಸಿನ ಸಂಗೀತ ನೃತ್ಯಶಾಲೆ ಫೋಲಿ ಬೆರ್ಜೇರ್‌ನದು, ಹಳದಿ ಲಂಗದ ಹುಡುಗಿ. ಬಟ್ಟೆಗೆ ಅಂಟಿಸಿದ್ದೇ ಬೇಕು ಅಂತ ಹುಡುಕಿ ತಗೊಂಡಿದ್ದು. ಅಂಟು ಅಂದರೆ ಏನು? ಗೋಧಿ ಗಂಜಿ. ಮಂಗಳೂರಿನ ಹುಳಕ್ಕೆ ಅದು ಊಟ. ಮೊದಲನೇ ಮಳೆಗಾಲ ಮುಗಿಯುವ ಹೊತ್ತಿಗೆ ಹಳದಿ ಲಂಗದ ಮೇಲೆ ಕಂದು ಚುಕ್ಕೆ. ಎರಡನೇ ಮಳೆಗೆ ಸಿಲ್ವರ್‌ಫಿಶ್ ಕೆಳಗಿನ ಅಂಚನ್ನು ತಿಂದು ಮುದ್ರಕರ ಹೆಸರಲ್ಲಿ ಅರ್ಧ ಅಕ್ಷರ ಉಳಿಸಿತು. ಬೆಂಗಳೂರಲ್ಲಿ ಕಾಗದ ರಿಪೇರಿ ಮಾಡುವವರಿಗೆ 38,000 ರೂಪಾಯಿ. ಅಲ್ಲಿಗೆ ಕಳಿಸಿ ತರಿಸಲು 4,200. ತೇವ ಎಳೆಯುವ ಮೆಷಿನ್ 14,500, ಕರೆಂಟ್ ಬಿಲ್ಲು ಬೇರೆ.

ಆ ರಿಪೇರಿಯವರೇ ಕತ್ತಲಲ್ಲಿ ಯುವಿ ಟಾರ್ಚ್ ಹಾಕಿ ತೋರಿಸಿದರು. ಹುಡುಗಿಯ ಕೆನ್ನೆ ಮೇಲೆ ಅಡ್ಡಕ್ಕೆ ಒಂದು ಪಟ್ಟಿ ಬೇರೆಯಾಗಿ ಕಾಣಿಸಿತು. ಮಡಿಕೆಯಲ್ಲಿ ಉದುರಿದ ಬಣ್ಣವನ್ನು ಯಾರೋ ಪೆನ್ಸಿಲ್ಲಲ್ಲಿ ತುಂಬಿದ್ದಾರೆ. ಉಳಿದ ಕೆನ್ನೆಯಲ್ಲಿ ಸಿಡಿಸಿದ ಮಸಿಯ ಸಣ್ಣ ಹನಿ, ಪಟ್ಟಿಯಲ್ಲಿ ಮಾತ್ರ ನುಣುಪು ಗುಲಾಬಿ. ಮಾರಿದವರು ಈ ಬಗ್ಗೆ ತುಟಿ ಬಿಚ್ಚಿರಲಿಲ್ಲ.

ಹಾಳೆ ಪ್ರೇಮಿ
ಇದೆಲ್ಲ ಬೇಕಾ? ಮೇತ್ರ್ ದ ಲಾಫಿಶ್ ತಗೊಳ್ಳಿ. 1895ರಿಂದ 1900ರವರೆಗೆ ಶೇ ಮುದ್ರಣಾಲಯ ತಂದ, ದೊಡ್ಡ ಪೋಸ್ಟರುಗಳ ಚಿಕ್ಕ ಪ್ರತಿಗಳ ಸರಣಿ, 256 ಹಾಳೆ, ಎಲ್ಲವೂ ಆ ಕಾಲದ್ದೇ, ಎಲ್ಲವೂ ಲಿಥೋ. 29×40 ಸೆಂ.ಮೀ., ಸೂಟ್‌ಕೇಸಲ್ಲೇ ಹಿಡಿಸುತ್ತದೆ. ಬಲಗಡೆ ಕೆಳಮೂಲೆಯಲ್ಲಿ ಶೆರೇ ಬರೆದ ಉಬ್ಬು ಮುದ್ರೆ, ಬೆರಳಾಡಿಸಿದರೆ ತಿಳಿಯುತ್ತದೆ. ನನ್ನದು ದಿವಾಂ ಜಪೊನೆ ಕ್ಯಾಬರೆಗೆ ಲೊಟ್ರೆಕ್ ಬರೆದದ್ದು. ಮುಂದೆ ಕೂತವಳು ಜೇನ್ ಅವ್ರಿಲ್, ಹಿಂದೆ ವೇದಿಕೆ ಮೇಲೆ ಗಾಯಕಿ ಇವೆತ್ ಗಿಲ್ಬೇರ್. ತಲೆ ಚಿತ್ರದ ಹೊರಗೆ, ಆದರೂ ಕಪ್ಪು ಕೈಗವಸು ನೋಡಿದರೆ ಸಾಕು, ಅವಳೇ ಅಂತ ಗೊತ್ತಾಗುತ್ತದೆ. ಫ್ರೇಮ್ ಸೇರಿ 900 ಯೂರೋ ದಾಟಲಿಲ್ಲ. ಹುಳವಿಲ್ಲ, ಗಂಜಿಯಿಲ್ಲ, ಹೆಂಡತಿಯ ಬೈಗುಳವೂ ಇಲ್ಲ.

ನಾಂತ್ ಮಂಜ
ಅದು ಪೋಸ್ಟರ್ ಅಲ್ಲ ಸ್ವಾಮಿ. ಚಂದಾದಾರರಿಗೆ ತಿಂಗಳು ತಿಂಗಳು ಕಳಿಸಿದ ಹಾಳೆ. ಒಂದು ದಿನವಾದರೂ ಬೀದಿ ಗೋಡೆ ಕಂಡಿದೆಯಾ?

ಹಾಳೆ ಪ್ರೇಮಿ
ನಿಮ್ಮದು ಕಂಡಿದೆಯಾ? ಗೋಡೆಗೆ ಮೆತ್ತಿದ್ದರೆ ನಿಮ್ಮ ಮನೆಗೆ ಬರುತ್ತಲೇ ಇರಲಿಲ್ಲ, ಮಳೆಗೆ ಕರಗಿ ಅದರ ಮೇಲೆ ಸಾಬೂನಿನ ಜಾಹೀರಾತು ಬಿದ್ದಿರುತ್ತಿತ್ತು. ಉಳಿದವು ಹೆಚ್ಚಿನವು ಅಂಟಿಸದೆ ಉಳಿದವೇ. 1890ರ ಸುಮಾರಿಗೇ ಸಾಗೊ ಅಂಥ ವ್ಯಾಪಾರಿಗಳು ಸಂಗ್ರಹಕಾರರಿಗೆ ಅಂತಲೇ ಪೋಸ್ಟರ್ ಮಾರುತ್ತಿದ್ದರು. ನಿಮ್ಮ 1,836 ಯೂರೋ 75 ಸೆಂಟಿಗೆ ಇಷ್ಟೂ ಹೇಳಿಕೊಡಲಿಲ್ವಾ?

ಬೆಣ್ಣೆ ದೋಸೆ
ಮ್ಯೂಸಿಯಂ ಅಂಗಡಿಯಲ್ಲಿ 25 ಯೂರೋಗೆ ಇದೇ ಚಿತ್ರ ಸಿಗುತ್ತದೆ. ನಾನು ಮೂರು ತಂದೆ. ಸೋಫಾ ಮೇಲಿದೆ, ಬಿಸಿಲು ಬಿದ್ದು ಮಾಸಿದರೆ ಇನ್ನೊಂದು. ಸುಮ್ನೆ ಜಗಳ ಯಾಕೆ?

ಹಾಳೆ ಪ್ರೇಮಿ
ಮನೆಗೆ ಸೇಬಿನ ಫೋಟೋ ತಂದು ಹಣ್ಣು ತಂದೆ ಅನ್ನುವ ಹಾಗಾಯಿತು.

ಬೆಣ್ಣೆ ದೋಸೆ
ನಿಮ್ಮ ಸೇಬಿಗೆ ಹುಳ ಬಿದ್ದಿದೆ ಅಂತ ಮೇಲೆ ಅಕ್ಕ ಬರೆದಿದ್ದಾರೆ, ಓದಿಕೊಳ್ಳಿ.

ಸಂಪಿಗೆ ರೋಡ್
ನನಗೆ ಒಂದು ಅರ್ಥವಾಗುವುದಿಲ್ಲ. ಹಾಲ್‌ನಲ್ಲಿ, ದೇವರ ಮನೆ ಎದುರಿಗೇ, ಲಂಗ ಎತ್ತಿ ಕುಣಿಯುವವಳನ್ನು ಸಾವಿರಾರು ಯೂರೋ ಕೊಟ್ಟು ತೂಗುಹಾಕುವುದಾ? ಅತ್ತೆ ಮಾವ ಬಂದರೆ ಏನು ಹೇಳುತ್ತೀರಿ?

ಕೊಡಿಯಾಲಬೈಲ್ ಅಕ್ಕ
ನಮ್ಮ ಅತ್ತೆಯೇ ದಿನಾ ಮೆಷಿನ್ ನೀರು ಚೆಲ್ಲುತ್ತಿದ್ದರು. 'ಹುಡುಗಿಗೆ ಶೀತ ಆಗಬಾರದು' ಅನ್ನುತ್ತಿದ್ದರು. ಕುಣಿಯುವವಳು ಅಂತ ಮೂಗು ಮುರಿಯುವವರು ತಿಳಿದುಕೊಳ್ಳಿ, ಜೋಸೆಫೀನ್ ಬೇಕರ್ ಕೂಡ ಫೋಲಿ ಬೆರ್ಜೇರ್‌ನಲ್ಲಿ ಕುಣಿದವಳೇ. 2021ರಲ್ಲಿ ಫ್ರಾನ್ಸಿನ ಮಹನೀಯರ ಸ್ಮಾರಕ ಪಾಂತೆಯೋಂಗೆ ಸೇರಿಸಿ ಇಡೀ ದೇಶ ಗೌರವ ಕೊಟ್ಟಿತು. ಯುದ್ಧದಲ್ಲಿ ಜರ್ಮನ್ನರ ವಿರುದ್ಧ ಗುಟ್ಟಿನ ಸುದ್ದಿ ಸಾಗಿಸಿದವಳು.

ತುಂಗಾ ತೀರ
ಬೇಕರ್ ಹೆಸರು ಬಂತಲ್ಲ, ಕೇಳಿಯೇ ಬಿಡುತ್ತೇನೆ. 1925ರಲ್ಲಿ ಅವಳು ಕುಣಿದ ಪ್ರದರ್ಶನ ರೆವ್ಯೂ ನೆಗ್ರ್‌ಗೆ ಪಾಲ್ ಕೊಲ್ಯಾಂ ಬರೆದ ಪೋಸ್ಟರ್ ನೋಡಿದ್ದೀರಾ? ಮುಂದಿನ ಇಬ್ಬರು ಗಂಡಸರ ತುಟಿ, ಕಣ್ಣು ನೋಡಿ. ಕಪ್ಪು ಜನರನ್ನು ಆಡಿಕೊಳ್ಳುವ ಅದೇ ಹಳೆ ವ್ಯಂಗ್ಯಚಿತ್ರ. ನನ್ನ ಗಂಡ ಅದರ ಮರುಮುದ್ರಣ ತಂದಿದ್ದರು, ನಾನು ಇಳಿಸಿದೆ. ಆಮೇಲೆ ನರ್ತಕಿ ಲೋಯಿ ಫುಲ್ಲರ್ ಪೋಸ್ಟರ್ ತರಿಸಿಕೊಂಡೆ, ಶೆರೇ 1893ರಲ್ಲಿ ಬರೆದದ್ದು. ರೇಷ್ಮೆ ಬೀಸುತ್ತಾ ಕುಣಿಯುವಾಗ ಅವಳ ಮೇಲೆ ಬಣ್ಣದ ವಿದ್ಯುತ್ ದೀಪ ಬದಲಾಗುತ್ತಿತ್ತು. ಅದಕ್ಕೆ ತಕ್ಕಂತೆ ಅದೇ ಪೋಸ್ಟರನ್ನು ಬೇರೆ ಬೇರೆ ಬಣ್ಣಗಳಲ್ಲಿ ಅಚ್ಚು ಹಾಕಿದರು. ನನಗೆ ನೇರಳೆ ಬೇಕಿತ್ತು. ನನ್ನ ದುಡ್ಡಿಗೆ ಸಿಕ್ಕಿದ್ದು ಹಸಿರು ಹಳದಿ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಾಂತ್ ಮಂಜ
ಕೊಲ್ಯಾಂ ಕಲೆಯನ್ನು ಇವತ್ತಿನ ಕನ್ನಡಕ ಹಾಕಿಕೊಂಡು ನೋಡಬೇಡಿ. ಬೇಕರ್‌ಗೆ ಹೆಸರು ತಂದದ್ದರಲ್ಲಿ ಆ ಪೋಸ್ಟರಿನ ಪಾಲೂ ಇದೆ.

ತುಂಗಾ ತೀರ
ಹೆಸರು ತಂದದ್ದು ಅವಳ ಕುಣಿತ. ಕನ್ನಡಕ ನನ್ನದು, ಗೋಡೆಯೂ ನನ್ನದು.

ಕಲ್ಲಚ್ಚು ರಾಯರು
ನಲವತ್ತು ವರ್ಷ ಆಫ್‌ಸೆಟ್ ಪ್ರೆಸ್ಸಿನಲ್ಲಿ ಮಸಿ ಮೆತ್ತಿಕೊಂಡವನು ನಾನು. ಇಷ್ಟು ಹೊತ್ತು ಕಿತ್ತಾಡಿದಿರಿ, ಯಾರೂ ಅಳತೆ ನೋಡಲಿಲ್ಲ. 1893ರ ಜೇನ್ ಅವ್ರಿಲ್ ಸುಮಾರು 124×91 ಸೆಂ.ಮೀ. 60×80 ಅಂದರೆ ಆಮೇಲೆ ಯಾರೋ ಮಾಡಿದ್ದು. ಅದೂ ಲಿಥೋ ಇರಬಹುದು, ಸುಳ್ಳಲ್ಲ. ಆದರೆ ಲೊಟ್ರೆಕ್ ಬದುಕಿದ್ದಾಗಿನದಲ್ಲ, 1,400ರ ಮಾಲೂ ಅಲ್ಲ.

ಹತ್ತು ಪಟ್ಟಿನ ಭೂತಗನ್ನಡಿ ಜೇಬಲ್ಲಿರಲಿ. ಒಂದೇ ಸಮನಾದ ಚುಕ್ಕೆಗಳು ಹೂವಿನ ದಳದಂತೆ ಸುತ್ತ ಕೂತಿದ್ದರೆ ಅದು ನಮ್ಮ ಆಫ್‌ಸೆಟ್. ಕಲ್ಲಿನದಾದರೆ ಬಣ್ಣದ ಕಡ್ಡಿ ಉಜ್ಜಿದ ಒರಟು ಕಾಳು ಕಾಣುತ್ತದೆ, ಒಂದರ ಹಾಗೆ ಇನ್ನೊಂದಿಲ್ಲ. ಲೊಟ್ರೆಕ್ ಹಲ್ಲುಜ್ಜುವ ಬ್ರಷ್‌ನಿಂದ ಮಸಿ ಸಿಡಿಸುತ್ತಿದ್ದ, ಆ ಹನಿಗಳನ್ನೂ ಹುಡುಕಿ. ಕಲ್ಲು ಬರುತ್ತಿದ್ದುದು ಬವೇರಿಯಾದ ಜೋಲ್ನ್‌ಹೋಫನ್‌ನಿಂದ. ಬಣ್ಣಕ್ಕೊಂದು ಕಲ್ಲು, ಪ್ರತಿ ಸಲವೂ ಕಾಗದ ಅದೇ ಜಾಗಕ್ಕೆ ಕೂರಬೇಕು. ಕೂದಲೆಳೆ ಸರಿದರೂ ತುಟಿ ಕೆನ್ನೆಗೆ ಹೋಗುತ್ತದೆ. ಈಗಿನ ಹುಡುಗರಿಗೆ ಇದು ಹೇಳಿದರೆ ನಗುತ್ತಾರೆ. ನಮ್ಮಲ್ಲೂ 1843ರಲ್ಲಿ ಮಂಗಳೂರ ಸಮಾಚಾರ ಕಲ್ಲಚ್ಚಿನಲ್ಲೇ ಬಂದದ್ದು, ಮೋಗ್ಲಿಂಗ್ ಕಾಲದಲ್ಲಿ.

ಕೊಡಿಯಾಲಬೈಲ್ ಅಕ್ಕ
ರಾಯರೇ, ನಮ್ಮೂರಿನ ಹೆಸರು ತೆಗೆದಿರಿ, ಸಂತೋಷ. ಆ ಪತ್ರಿಕೆಯನ್ನೂ ಇದೇ ಹುಳ ತಿಂದಿರಬೇಕು. ಕಸ್ಟಮ್ಸ್ ಬಗ್ಗೆಯೂ ಯಾರಾದರೂ ಬರೆಯಿರಿ. ನನ್ನದಕ್ಕೆ 'ಅಕ್ಷರ ಇದೆ, ಅಂದರೆ ಜಾಹೀರಾತು' ಅಂತ 4911ಕ್ಕೆ, ಅಂದರೆ ಮುದ್ರಿತ ಸಾಮಗ್ರಿಯ ಕಸ್ಟಮ್ಸ್ ಸಂಕೇತಕ್ಕೆ, ಹಾಕಿದರು.

ಹಾಳೆ ಪ್ರೇಮಿ
ಕಲಾವಿದನೇ ಕೈಯಾರೆ ಕಲ್ಲಿನ ಮೇಲೆ ಬರೆದದ್ದಾದರೆ ಅದು ಮೂಲ ಕಲಾಮುದ್ರಣ, ಸಂಕೇತ 9702. ನೂರು ವರ್ಷ ದಾಟಿದ ಹಳೆ ವಸ್ತುಗಳಿಗೆ 9706 ಅಂತಲೂ ಒಂದಿದೆ. ನೀವು ವಾದಿಸಬೇಕಿತ್ತು.

ಕೊಡಿಯಾಲಬೈಲ್ ಅಕ್ಕ
ರಾತ್ರಿ ಎರಡು ಗಂಟೆಗೆ, ಅಳುವ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನೀವೇ ವಾದಿಸಿ ತೋರಿಸಿ. ಅದಿರಲಿ, ಮಂಜ ಅವರೇ, ನಿಮ್ಮ ಫ್ರೇಮಿನ ಹಿಂದೆ ಗಾಳಿಯಾಡಲು ಜಾಗ ಬಿಟ್ಟಿದ್ದೀರಾ?

ನಾಂತ್ ಮಂಜ
ಅಕ್ಕಾ, ಇಲ್ಲಿ ನಿಮ್ಮ ಮಂಗಳೂರಿನ ತೇವ ಇಲ್ಲ. ಕೆಳಗೇ ರೇಡಿಯೇಟರ್ ಇದೆ, ಚಳಿಗಾಲವಿಡೀ ಬೆಚ್ಚಗಿರುತ್ತದೆ.

ಕಲ್ಲಚ್ಚು ರಾಯರು
ರೇಡಿಯೇಟರ್ ಮೇಲೆ ತೂಗುಹಾಕಿದ್ದೀರಾ?? ಅಂಟು ಒಣಗಿ ಕಾಗದ ಬಿರಿಯುತ್ತದೆ ಮಾರಾಯರೇ. ಇವತ್ತೇ ಇಳಿಸಿ.

ನಾಂತ್ ಮಂಜ
ಬೇರೆ ಗೋಡೆಯಲ್ಲಿ ಟಿವಿ ಇದೆ.