ಅಪ್‌ಡೇಟ್: ಅಂಕೋರ್‌ಗೆ ಹೋಗಿ ಬಂದೆವು
ದೀಪಾವಳಿಗೆ ಮುಂಚೆ ಕೇಳಿದ್ದೆ: ಡೊಂಬಿವ್ಲಿಯಿಂದ ಅಪ್ಪ ಅಮ್ಮನ ಜೊತೆ ಕ್ರಿಸ್‌ಮಸ್ ರಜೆಗೆ ಕಾಂಬೋಡಿಯಾಕ್ಕೆ ಹೋದರೆ ಅಲ್ಲಿನ ಅಂಕೋರ್‌ನ ಹಳೇ ದೇವಾಲಯಗಳನ್ನು ನೋಡಲು ಒಂದು ದಿನ ಸಾಕಾ ಅಂತ. ಸಾಲದು. ಮೂರು ದಿನದ ಪಾಸ್ ತಗೊಳ್ಳಿ ಅಂದವರಿಗೆ ಥ್ಯಾಂಕ್ಸ್. 62 ಡಾಲರ್, ಹತ್ತು ದಿನದೊಳಗೆ ಯಾವ ಮೂರು ದಿನವಾದರೂ ಸರಿ. ಅಪ್ಪನ ಮಂಡಿಗೆ ನಡುವೆ ರೆಸ್ಟ್ ಸಿಕ್ಕಿತು.

ಮುಖ್ಯ ದೇವಾಲಯ ಅಂಕೋರ್ ವಾಟ್‌ನಲ್ಲಿ ಸೂರ್ಯೋದಯಕ್ಕೆ ಮುಂಬೈನ ದಾದರ್ ಸ್ಟೇಷನ್ನಿನಷ್ಟು ಜನ. ನಾವು ಸುಮ್ನೆ ಒಳಗೆ ಹೋಗಿ ಸಮುದ್ರಮಂಥನದ ಉಬ್ಬುಶಿಲ್ಪದ ಮುಂದೆ ನಿಂತೆವು. ಸುಮಾರು 49 ಮೀಟರ್ ಉದ್ದ! ಅಮ್ಮ ಗೈಡ್‌ಗೇ ಕಥೆ ಹೇಳತೊಡಗಿದರು.

ನನಗೆ ಜಾಸ್ತಿ ಹಿಡಿಸಿದ್ದು ಬಂತೇ ಶ್ರೈ. 967ರ ಪುಟ್ಟ ಶಿವಾಲಯ, ಕೆಂಪು ಮರಳುಗಲ್ಲು. ಕುಸುರಿ ನೋಡಿದರೆ ಬೇಲೂರೇ ನೆನಪಾಗುತ್ತದೆ. ತಾ ಪ್ರೋಮ್ ದೇವಾಲಯದ ಗೋಡೆಗಳನ್ನು ತಬ್ಬಿದ ಮರದ ಬೇರುಗಳು ಚೆಂದ, ಫೋಟೋ ಕ್ಯೂ ಮಾತ್ರ ಸಾಕಪ್ಪಾ.

ಅಂಕೋರ್ ವಾಟ್ ಮೇಲಂತಸ್ತಿನ ಮೆಟ್ಟಿಲು ತುಂಬಾ ಕಡಿದಾಗಿವೆ. ಅಪ್ಪ ಕೆಳಗೇ ಕೂತು ಎಳನೀರು ಕುಡಿದರು.