ಎದೆಯೊಳಗಿನ ಗಂಟಿಗೆ ಸೂಜಿ ಹಾಕಿಸಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮಮ್ಮನಿಗೆ 52 ವರ್ಷ. ಎರಡು ತಿಂಗಳಿಂದ ಒಣಕೆಮ್ಮು, ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಎದೆಯ ನಡುವೆ ಲಿಂಫ್ ಗಂಟುಗಳು ಊದಿವೆ, ದೊಡ್ಡದು 24 ಮಿ.ಮೀ. ಇದೆ ಎಂದು ಬಂದಿದೆ. ಕಫದಲ್ಲಿ ಟಿಬಿ ಇಲ್ಲ. ಇಬಸ್ ಎಂಬ ಸೂಜಿ ಪರೀಕ್ಷೆ ಮಾಡಿಸಿ ಎಂದಿದ್ದಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ, ಸುಮ್ನೆ ಟಿಬಿ ಮಾತ್ರೆ ಶುರು ಮಾಡಿ ಅಂತ ಸೋದರಮಾವ ಹಠ ಹಿಡಿದಿದ್ದಾರೆ. ಏನು ಮಾಡಲಿ?

ಉತ್ತರ (ಶ್ವಾಸಕೋಶ ವೈದ್ಯ): ಅಂದಾಜಿನ ಮೇಲೆ ಮಾತ್ರೆ ಬೇಡ ತಾಯಿ. ಪರೀಕ್ಷೆ ಮಾಡಿಸಿ. ಟಿಬಿ, ಸಾರ್ಕಾಯ್ಡ್ (ಸೋಂಕೂ ಅಲ್ಲದ, ಕ್ಯಾನ್ಸರೂ ಅಲ್ಲದ ಒಂದು ಉರಿಯೂತ), ಲಿಂಫೋಮಾ (ಲಿಂಫ್ ಗಂಟಿನದೇ ಕ್ಯಾನ್ಸರ್), ಶ್ವಾಸಕೋಶದ ಕ್ಯಾನ್ಸರ್, ಯಾವುದಿದ್ದರೂ ಈ ಗಂಟು ಊದಬಹುದು. ಸ್ಕ್ಯಾನ್ ಒಂದನ್ನೇ ನೋಡಿ ಇಂಥದ್ದೇ ಎನ್ನಲು ಆಗುವುದಿಲ್ಲ. ಔಷಧಿ ಮಾತ್ರ ಒಂದೊಂದಕ್ಕೂ ಬೇರೆ. ಸಾರ್ಕಾಯ್ಡ್‌ಗೆ ಕೊಡುವ ಸ್ಟೀರಾಯ್ಡ್ ಟಿಬಿಯನ್ನು ಕೆರಳಿಸಬಹುದು. ಲಿಂಫೋಮಾ ಇದ್ದರೆ ಅದೇ ಸ್ಟೀರಾಯ್ಡ್ ಗಂಟನ್ನು ಸ್ವಲ್ಪ ದಿನ ಕುಗ್ಗಿಸಿ ರೋಗವನ್ನು ಮರೆಮಾಚುತ್ತದೆ.

ಇಬಸ್‌ಗೆ ಮೊದಲು ಆರು ಗಂಟೆ ಕಾಲ ಖಾಲಿ ಹೊಟ್ಟೆಯಲ್ಲಿರಬೇಕು. ಗಂಟಲು ಮರಗಟ್ಟುವ ಔಷಧಿ ಸಿಂಪಡಿಸಿ, ಮಂಪರಿನ ಇಂಜೆಕ್ಷನ್ ಕೊಡುತ್ತೇವೆ. ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸುವ ನಳಿಕೆಯ ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್ ಇರುತ್ತದೆ. ನಾಳದ ಗೋಡೆಯಾಚೆ ಗಂಟು ದುಂಡಗೆ, ಕಪ್ಪಗೆ ಕಾಣುತ್ತದೆ. ಪಕ್ಕದ ರಕ್ತನಾಳವನ್ನು ಡಾಪ್ಲರ್‌ನಲ್ಲಿ (ರಕ್ತ ಹರಿಯುವುದನ್ನು ತೋರಿಸುವ ಅಲ್ಟ್ರಾಸೌಂಡ್) ನೋಡಿಕೊಂಡು, ಅದನ್ನು ತಪ್ಪಿಸಿ ಚುಚ್ಚುತ್ತೇವೆ. ಸೂಜಿ ಒಳಗೆ ಹೋಗಿಬರುವುದು ಪರದೆಯ ಮೇಲೆ ಕಾಣುತ್ತಲೇ ಇರುತ್ತದೆ. ಹೊಲಿಗೆ ಇಲ್ಲ. ಸಾಮಾನ್ಯವಾಗಿ ಅದೇ ಸಂಜೆ ಮನೆಗೆ ಹೋಗಬಹುದು. ಒಂದೆರಡು ದಿನ ಗಂಟಲು ನೋವು, ಕಫದಲ್ಲಿ ಸ್ವಲ್ಪ ರಕ್ತ ಬಂದೀತು. ಜಾಸ್ತಿ ರಕ್ತಸ್ರಾವ, ಸೋಂಕು ಅಪರೂಪ.

ಕ್ಯಾನ್ಸರ್ ಹರಡುವ ಭಯಕ್ಕೆ ಇದನ್ನು ಬಿಡಬೇಡಿ. ಕ್ಯಾನ್ಸರ್ ಎಷ್ಟು ದೂರ ಹೋಗಿದೆ ಎಂದು ನೋಡಲೂ ನಾವು ಬಳಸುವುದು ಇದನ್ನೇ. ಮಾವನವರಿಗೂ ಇದನ್ನು ಹೇಳಿ.

ಒಂದು ವಿಷಯ ಮಾತ್ರ ಮೊದಲೇ ಕೇಳಿಕೊಳ್ಳಿ: ತೆಗೆದ ಚೂರನ್ನು ಎರಡು ಬಾಟಲಿಗೆ ಹಾಕುತ್ತಾರಾ? ಫಾರ್ಮಲಿನ್‌ನಲ್ಲಿ (ಚೂರು ಕೆಡದಂತೆ ಇಡುವ ದ್ರಾವಣ) ಹಾಕಿದ್ದು ಸೂಕ್ಷ್ಮದರ್ಶಕಕ್ಕೆ ಹೋಗುತ್ತದೆ. ಆದರೆ ಅಲ್ಲಿ ಟಿಬಿ, ಸಾರ್ಕಾಯ್ಡ್ ಎರಡೂ ಒಂದೇ ಥರ ಕಾಣಬಹುದು. ಆಗ ಸಿಬಿನ್ಯಾಟ್ (ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಪರೀಕ್ಷೆ) ಮತ್ತು ಕಲ್ಚರ್ (ಕ್ರಿಮಿಯನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವುದು) ಬೇಕು. ಫಾರ್ಮಲಿನ್ ಬಿದ್ದರೆ ಟಿಬಿ ಕ್ರಿಮಿ ಸಾಯುತ್ತದೆ, ಕಲ್ಚರ್ ಬೆಳೆಯುವುದಿಲ್ಲ. ಅದಕ್ಕೆ ಇನ್ನೊಂದು ಭಾಗ ಸಲೈನ್‌ನಲ್ಲೇ (ಉಪ್ಪುನೀರಿನ ದ್ರಾವಣ) ಹೋಗಬೇಕು. ಸಿಬಿನ್ಯಾಟ್ ಯಂತ್ರಕ್ಕೆ ಸುಮಾರು ಎರಡು ಗಂಟೆ ಸಾಕು. ಕಲ್ಚರ್‌ಗೆ ಆರು ವಾರದವರೆಗೂ ಕಾಯಬೇಕಾದೀತು.

ಅಮ್ಮ ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ವೈದ್ಯರಿಗೆ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಬ್ಬ ಸದಸ್ಯರು: ಸರ್, ನನ್ನ ತಮ್ಮನಿಗೂ ಇದೇ ಪರೀಕ್ಷೆ ಆಯ್ತು. ಏನೂ ಸಿಗಲಿಲ್ಲ ಎಂದು ರಿಪೋರ್ಟ್ ಬಂತು. ಅಂದರೆ ಕಾಯಿಲೆ ಇಲ್ಲ ಅಲ್ವಾ?

ಉತ್ತರ: ಹಾಗೆನ್ನಲು ಆಗುವುದಿಲ್ಲ. ರಿಪೋರ್ಟ್‌ನಲ್ಲಿ ಲಿಂಫೋಸೈಟ್ (ಲಿಂಫ್ ಗಂಟಿನಲ್ಲಿ ತುಂಬಿರುವ ಬಿಳಿ ರಕ್ತಕಣ) ಇವೆ ಎಂದಿದೆಯಾ, ಬರೀ ರಕ್ತ ಎಂದಿದೆಯಾ ನೋಡಿ. ಬರೀ ರಕ್ತ ಇದ್ದರೆ ಗಂಟಿನ ಚೂರೇ ಬಂದಿಲ್ಲ, ಮತ್ತೆ ತೆಗೆಯಬೇಕು. ಲಿಂಫೋಮಾ ಪತ್ತೆಗೆ ಎಷ್ಟೋ ಸಲ ಸೂಜಿಯ ಚೂರು ಸಾಲುವುದಿಲ್ಲ. ಆಗ ಕತ್ತಿನ ಬುಡದಲ್ಲಿ ಸಣ್ಣದಾಗಿ ಕೊಯ್ದು ದೊಡ್ಡ ತುಂಡು ತೆಗೆಯುತ್ತಾರೆ. ತಮ್ಮನಿಗೆ ರಾತ್ರಿ ಬೆವರುತ್ತದಾ? ತೂಕ ಇಳಿದಿದೆಯಾ? ಹೌದಾದರೆ ಈ ವಾರವೇ ರಿಪೋರ್ಟ್, ಸ್ಕ್ಯಾನ್ ಫಿಲ್ಮ್ ಎರಡೂ ಹಿಡಿದು ಅವರ ವೈದ್ಯರ ಹತ್ತಿರ ಮತ್ತೆ ಹೋಗಿ.