ಲಗಾಮು ಜಗ್ಗಿದಷ್ಟೂ ಜೋರು ಓಡುವ ಕುದುರೆ: ಪ್ರಶ್ನೋತ್ತರ

ಪ್ರಶ್ನೆ (ಹುಮನಾಬಾದ್ ಕಡೆಯಿಂದ): ನಮಸ್ಕಾರ್ರಿ. ಮಾಳೇಗಾಂವ್ ಜಾತ್ರಿಯೊಳಗ ತಂದ 6 ವರ್ಷದ ಗಂಡು ಕುದರಿ ಅದ. ಮೊದಲು ಮದುವಿ ಮೆರವಣಿಗಿಯೊಳಗ ಕುಣಿಸ್ತಿದ್ರಂತ. ಮನಿಂದ ಹೋಗಾಗ ಛಲೋ ನಡೀತದ. ಮನಿ ಕಡಿ ಮುಖ ಮಾಡಿತಂದ್ರ ಓಡ್ಲಿಕ್ಕೆ ಶುರು, ಎರಡೂ ಕೈಲೆ ಜಗ್ಗಿದ್ರೂ ನಿಂದ್ರಲ್ಲ. ಬಾಯಿ ತೆರಕೊಂಡು ಮುಖ ಮ್ಯಾಲ ಎತ್ತತದ. ಕಾಂಟಿ (ಮುಳ್ಳಿನ) ಕಡಿವಾಣ ಹಾಕ್ರಿ, ಸುಮ್ಮಗಾಗ್ತದ ಅಂತ ಮಂದಿ ಹೇಳ್ಲತ್ತಾರ. ಹಾಕ್ಬೇಕೋ ಬ್ಯಾಡೋ? ದಿನಾ 4 ಕಿಲೋ ಕಡ್ಲಿ, ಜ್ವಾಳ ಕೊಡ್ತೀವಿ. ಸವಾರಿ ಒಂದು ತಾಸು, ಉಳಿದ ಹೊತ್ತು ಕಟ್ಟಿರ್ತದ.

ಉತ್ತರ (ಪಶುವೈದ್ಯರು): ಕಾಂಟಿ ಕಡಿವಾಣ ಬೇಡ. ಭಾರ ಎಳೆಯುವ, ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಬಂದ ಹಿಂಸೆ ತಡೆ ನಿಯಮಗಳಲ್ಲಿ, 8ನೇ ನಿಯಮದ ಪ್ರಕಾರ ಸವಾರಿಗೂ ಮುಳ್ಳಿನ ಕಡಿವಾಣ ಬಳಸುವಂತಿಲ್ಲ. ಕಾನೂನು ಬದಿಗಿಟ್ಟರೂ ಅದರಿಂದ ಕೆಲಸ ಆಗುವುದಿಲ್ಲ. ಬಾಯಿ ತೆರೆಯುವುದು, ಮುಖ ಎತ್ತುವುದು, ಜಗ್ಗಿದರೆ ಇನ್ನೂ ಓಡುವುದು: ಈ ಮೂರೂ ಒಟ್ಟಿಗೆ ಇದ್ದರೆ ಹಟ ಅನ್ನುವ ಮೊದಲು ನೋವಿದೆಯೇ ನೋಡಬೇಕು. ನೋವಾದರೆ ಕುದುರೆ ನಿಲ್ಲುವುದಿಲ್ಲ, ಓಡಿ ಪಾರಾಗಲು ನೋಡುತ್ತದೆ.

ಕಡಿವಾಣ ಕೂರುವುದು ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ. ಅಲ್ಲಿ ಎಲುಬಿನ ಮೇಲೆ ತೆಳ್ಳನೆಯ ವಸಡು ಬಿಟ್ಟರೆ ಏನೂ ಇಲ್ಲ. ಕುಣಿಸುವ ಕುದುರೆಗಳಲ್ಲಿ ಆ ಜಾಗ ಗಾಯವಾಗಿ, ಮಾಯ್ದು, ದಪ್ಪಗಾಗಿರುವುದು ಉಂಟು. ಟಾರ್ಚ್ ಹಿಡಿದು ನೋಡಿ: ವಸಡಿನ ಮೇಲೆ ಗಂಟು, ನಾಲಿಗೆಯ ಅಂಚಿನಲ್ಲಿ ಕೊಯ್ದ ಗುರುತು, ತುಟಿಯ ಮೂಲೆಯಲ್ಲಿ ಬಿಳಿ ಕಲೆ. ಗಂಡಿಗೆ ಅದೇ ಜಾಗದಲ್ಲಿ ಕೋರೆಹಲ್ಲು ಇರುತ್ತದೆ, ಅದು ಸಹಜ, ಗಾಬರಿ ಬೇಡ. ಆದರೆ ಮೇಲಿನ ದವಡೆ ಸಾಲಿಗೆ ಅಂಟಿಕೊಂಡಂತೆ, ಅದರ ಮುಂದೆಯೇ, ಕಡಲೆಕಾಳಿನಷ್ಟು ಪುಟ್ಟ ಹಲ್ಲು ಕಂಡರೆ ಕಡಿವಾಣ ಅದಕ್ಕೆ ತಾಗುತ್ತಿರಬಹುದು. ಮಂಪರು ಬರಿಸುವ ಇಂಜೆಕ್ಷನ್ ಕೊಟ್ಟು ವೈದ್ಯರೇ ಅದನ್ನು ತೆಗೆಯಬೇಕು. ಇಕ್ಕಳ ಹಿಡಿದು ಯಾರೋ ಕಿತ್ತರೆ ಬೇರು ಮುರಿದು ಒಳಗೇ ಉಳಿಯುತ್ತದೆ.

ದವಡೆ ಹಲ್ಲಿನ ಅಂಚನ್ನೂ ತೋರಿಸಿ. ಮೇಲಿನ ಹಲ್ಲು ಕೆನ್ನೆಯ ಕಡೆಗೆ, ಕೆಳಗಿನದು ನಾಲಿಗೆಯ ಕಡೆಗೆ ಚೂಪಾಗುತ್ತಾ ಹೋಗುತ್ತದೆ. ಹೊರಗಿನಿಂದ ಕೆನ್ನೆ ಒತ್ತಿದರೆ ತಲೆ ಕೊಡವುವುದು, ಅರ್ಧ ಅಗಿದ ಮೇವಿನ ಉಂಡೆ ಉಗುಳುವುದು ಇದರ ಗುರುತು. ವರ್ಷಕ್ಕೊಮ್ಮೆ ಅರದಿಂದ ಉಜ್ಜಿಸಬೇಕು. ನಿಮಗೆ ಬೀದರ್ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರವಾಗುತ್ತದೆ.

ಬಾಯಿ ಸರಿಯಿದೆ ಅಂತಾದ ಮೇಲೆ ನುಣ್ಣನೆಯ, ನಡುವೆ ಕೀಲಿರುವ ಕಡಿವಾಣ ಹಾಕಿ. ದಪ್ಪ 14ರಿಂದ 16 ಮಿಲಿಮೀಟರ್. ಉದ್ದ ತುಟಿಯಿಂದ ತುಟಿಗೆ ಅಳೆದು, ಎರಡೂ ಕಡೆ ಅರ್ಧ ಸೆಂಟಿಮೀಟರ್ ಹೆಚ್ಚಿರಲಿ. ತುಟಿ ಮೂಲೆಯಲ್ಲಿ ಒಂದೆರಡು ಸುಕ್ಕು ಬೀಳುವಷ್ಟು ಎತ್ತರಕ್ಕೆ ಕಟ್ಟಿ. ಇಳಿಬಿಟ್ಟರೆ ನಾಲಿಗೆಯನ್ನು ಕಡಿವಾಣದ ಮೇಲೆ ಹಾಕಿಕೊಳ್ಳುತ್ತದೆ, ಆಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಜೀನನ್ನೂ ಪರೀಕ್ಷಿಸಿ: ಸವಾರ ಕೂತಾಗ ಹೆಗಲಿನ ಉಬ್ಬಿಗೂ ಜೀನಿಗೂ ನಡುವೆ ಎರಡು–ಮೂರು ಬೆರಳು ಹೋಗಬೇಕು.

ಇನ್ನು ಕಾಳು. ಒಂದು ತಾಸು ಸವಾರಿಯ ಕುದುರೆಗೆ 4 ಕಿಲೋ ಅತಿಯಾಯಿತು. ಇಡೀ ದಿನ ಕಟ್ಟಿಹಾಕಿ ಇಷ್ಟು ತಿನ್ನಿಸಿದರೆ ಅದರ ಮೈಯಲ್ಲಿರುವ ಉಮೇದು ಎಲ್ಲಿಗೆ ಹೋಗಬೇಕು? 350 ಕಿಲೋ ತೂಕದ್ದಾದರೆ ಒಣಮೇವು 5ರಿಂದ 6 ಕಿಲೋ, ಕಾಳು 1ರಿಂದ ಒಂದೂವರೆ ಕಿಲೋ, ಅದೂ ಎರಡು ಹೊತ್ತಿಗೆ ಹಂಚಿ. ಸವಾರಿ ಇಲ್ಲದ ದಿನ ಅದರಲ್ಲೂ ಅರ್ಧ. ಒಮ್ಮೆಲೇ ಇಳಿಸಬೇಡಿ, ಹೊಟ್ಟೆಶೂಲೆ ಬರುತ್ತದೆ. 8–10 ದಿನದಲ್ಲಿ ಹಂತಹಂತವಾಗಿ ಇಳಿಸಿ. ದಿನಕ್ಕೆ ಎರಡು ತಾಸಾದರೂ ಬಿಚ್ಚಿ ಬಿಡಿ.

ಉತ್ತರ (ಸವಾರಿ ಕಲಿಸುವವರು, ಕಲಬುರಗಿ): ಡಾಕ್ಟರ್ ಹೇಳಿದ್ದು ಮೊದಲು ಮುಗಸ್ರಿ, ಆಮ್ಯಾಲ ಇದು. ಕುಣಿಸೋ ಕುದರಿಗೆ ಲಗಾಮು ಬಿಗಿ ಹಿಡಿದು, ಹಿಂದಿಂದ ಹಿಮ್ಮಡಿ, ಹಲಗಿ ಸಪ್ಪಳದಿಂದ ಎಬ್ಬಸ್ತಾರ. ಅದಕ್ಕ ಬಾಯಿಗೆ ಬಿಗಿ ಬಂತಂದ್ರ ನಿಂದ್ರೂದಲ್ಲ, ಏಳೂದು ಅಂತ ತಲ್ಯಾಗ ಕೂತದ. ನೀವು ಎರಡೂ ಕೈಲೆ ಜಗ್ಗಿ ಹಿಡದ್ರ ಅದಕ್ಕ ಆನಕೊಳ್ಳಾಕ ಆಸರ ಕೊಟ್ಟಂಗ. ಜಗ್ಗಿ, ಬಿಡೂದು ಕಲೀರಿ. ಬಿಟ್ಟಾಗಷ್ಟೇ ಕುದರಿಗೆ ಉತ್ತರ ಸಿಗ್ತದ.

ನೆಲದ ಮ್ಯಾಲ ನಿಂತೇ ಶುರು ಮಾಡ್ರಿ. ಮೂಗಿನ ಪಟ್ಟಿಗೆ 3 ಮೀಟರ್ ಹಗ್ಗ ಕಟ್ಟಿ, 'ಹೋ' ಅಂದು ನೀವು ನಿಂದ್ರಿ. ನಿಲ್ಲಲಿಲ್ಲಂದ್ರ ಹಗ್ಗ ಅಲ್ಲಾಡಿಸಿ ಎರಡು ಹೆಜ್ಜಿ ಹಿಂದ ಸರಸ್ರಿ. ಸರದ್ ಕ್ಷಣಕ್ಕ ಹಗ್ಗ ಸಡ್ಲ. ದಿನಾ 20 ನಿಮಿಷ. ಬರೇ ಬಾಯಿಮಾತಿಗೆ ನಿಂದ್ರೂ ತನಕ ಮ್ಯಾಲ ಏರಬ್ಯಾಡ್ರಿ.

ಏರಿದ ಮ್ಯಾಲ, ನಡಿಗಿಯೊಳಗಷ್ಟೇ, ಒಂದು ಲಗಾಮಿನ ನಿಲುಗಡಿ ಕಲಸ್ರಿ. ಬಲಗೈ ಲಗಾಮಿನ ಗುಂಟ ಮುಂದ ಸರಿಸಿ ಹಿಡಕೊಂಡು, ನಿಧಾನಕ್ಕ ನಿಮ್ಮ ಮೊಣಕಾಲ ಕಡಿ ತರ್ರಿ. ಎಡಗೈ ಸಡ್ಲ. ಕುತ್ತಿಗಿ ಬಾಗತದ, ಹಿಂದಿನ ಕಾಲು ಒಂದರ ಮುಂದ ಒಂದು ಅಡ್ಡ ಬೀಳ್ತಾವ, ಮುಂದ ತಳ್ಳೂ ಜೋರು ಮುರೀತದ. ಒಂದೆರಡು ಸುತ್ತು ಸುತ್ತಬಹುದು, ಸುತ್ತಲಿ. ಕಾಲು ನಿಂತು ಬಾಯಿ ಮೆತ್ತಗಾದ ಮ್ಯಾಲ ಬಿಡ್ರಿ. ಇಲ್ಲೇ ಎಲ್ಲಾರೂ ಕೆಡಸೂದು: ಕಾಲು ನಿಂದ್ರೂ ಮೊದಲೇ ಬಿಡ್ತಾರ, ಇಲ್ಲಾ ನಿಂತ ಮ್ಯಾಲೂ ಹಿಡದೇ ಇರ್ತಾರ. ಎಡಕ್ಕೂ ಅಷ್ಟೇ. ಆಮ್ಯಾಲ ಹತ್ತು ಹೆಜ್ಜಿ ನಡಿಗಿ, ನಿಲುಗಡಿ, ಮತ್ತ ನಡಿಗಿ. ಇದು ಪಕ್ಕಾ ಆದ್ರಷ್ಟೇ ದುಡುಕಿ, ಅಂದ್ರ ನಿಧಾನ ಓಟ.

ಜಾಗ ನೋಡಿ ಆರಿಸ್ರಿ. ತೊಗರಿ ಕೊಯ್ದ ಹೊಲ ಬ್ಯಾಡ, ಕೂಳಿ ಗೊರಸಿಗೆ ಚುಚ್ಚತದ. ಬ್ಯಾಸಗ್ಯಾಗ ಬಿರುಕು ಬಿಟ್ಟ ಎರಿ ಹೊಲದಾಗ ಕಾಲು ಸಿಕ್ಕಿ ಮುರೀತಾವ. ನಿಮ್ಮ ಕಡಿ ಕೆಂಪು ನೆಲ ಛಲೋ, ಕಲ್ಲು ಆರಿಸಿ ತೆಗೀರಿ.

ಮನಿ ಕಡಿ ಓಡೂದಕ್ಕ: ಮನಿಗೆ ಬಂದ ಕೂಡ್ಲೆ ಜೀನು ಬಿಚ್ಚಿ ಕಾಳು ಇಡೂದು ನಿಂದ್ರಸ್ರಿ. ಮನಿ ಮುಂದಿಂದ ದಾಟಿ ಹೋಗಿ ಅಲ್ಲೇ ಸುತ್ತು ಹಾಕಿಸಿ ಕೆಲಸ ತಗೋರಿ. ಇಳಿಯೂದು, ಜೀನು ಸಡ್ಲ ಮಾಡೂದು ದೂರ ಹೋದಲ್ಲೇ ಮಾಡ್ರಿ. ಕಾಳು ಅರ್ಧ ತಾಸು ಬಿಟ್ಟು.

ಮರುಪ್ರಶ್ನೆ (ಯಾದಗಿರಿ): ಓಡ್ಲತ್ತಿದ್ದಾಗಲೇ ಏನ್ ಮಾಡ್ಬೇಕ್ರಿ?

ಉತ್ತರ (ಸವಾರಿ ಕಲಿಸುವವರು): ಮುಂದ ಬಗ್ಗಬ್ಯಾಡ್ರಿ, ಚೀರಬ್ಯಾಡ್ರಿ, ಎರಡನ್ನೂ ಓಡು ಅಂತಲೇ ತಿಳೀತದ. ಹಿಮ್ಮಡಿ ಕೆಳಗ, ಬೆನ್ನು ನೆಟ್ಟಗ. ಲಗಾಮು ಗಿಡ್ಡ ಮಾಡಿ ಒಂದು ಕೈ ಕುತ್ತಿಗಿ ಬುಡಕ್ಕ, ಕೂದಲಿನ ಜೋಡಿ ಒತ್ತಿ ಹಿಡೀರಿ, ಅದು ಅಲ್ಲಾಡಬಾರದು. ಇನ್ನೊಂದು ಕೈಲೆ ಮ್ಯಾಲಕ್ಕ, ಹಿಂದಕ್ಕ ಜಗ್ಗಿ ಬಿಡ್ರಿ, ಮತ್ತ ಜಗ್ಗಿ ಬಿಡ್ರಿ. ಬಯಲಿದ್ರ ದೊಡ್ಡ ಸುತ್ತಿಗೆ ತಿರುಗಿಸಿ ಸುತ್ತು ಸಣ್ಣದು ಮಾಡಕೋತ ಬರ್ರಿ. ಪೂರ್ತಿ ಓಟದಾಗ ಒಂದೇ ಲಗಾಮು ಝಟ್ಟನ ಎಳದ್ರ ಕುದರಿ ನಿಮ್ಮ ಮ್ಯಾಲ ಬೀಳ್ತದ. ಡಾಂಬರ್ ರೋಡಿನ್ಯಾಗ ತಿರುಗಿಸಲೇಬ್ಯಾಡ್ರಿ, ಲಾಳ ಜಾರತಾವ. ತಲಿಗೆ ಹೆಲ್ಮೆಟ್ಟು, ಕಾಲಾಗ ಸಣ್ಣ ಹಿಮ್ಮಡಿ ಇರೋ ಬೂಟು. ಚಪ್ಪಲಿ ಹಾಕಿದ್ರ ಪಾದ ರಿಕಾಬಿನ್ಯಾಗ (ಜೀನಿಗೆ ಜೋತ ಕಾಲಿಡೂ ಬಳಿಯೊಳಗ) ಸಿಕ್ಕೊಂಡು ಎಳಕೊಂಡ್ ಹೋಗ್ತದ.

ಮರುಪ್ರಶ್ನೆ (ಹುಮನಾಬಾದ್): ಬೀಜ ಒಡಿಸಿದ್ರ ಸುಮ್ಮನಾಗ್ತದೇನ್ರಿ ಡಾಕ್ಟ್ರೇ?

ಉತ್ತರ (ಪಶುವೈದ್ಯರು): ಹೆಣ್ಣು ಕುದುರೆ ಕಂಡಾಗ ಕೆನೆದು ಎಗರುವುದು ಕಡಿಮೆಯಾಗುತ್ತದೆ, ಅದೂ ಕೆಲವು ವಾರ ಕಳೆದ ಮೇಲೆ. ಮನೆ ಕಡೆ ಓಡುವುದು ರೂಢಿ, ಅದು ಬೀಜದಿಂದ ಬಂದದ್ದಲ್ಲ. ಮಾಡಿಸುವುದಾದರೆ ನೊಣ ಕಡಿಮೆ ಇರುವ ತಂಪು ದಿನಗಳಲ್ಲಿ, ಧನುರ್ವಾಯುವಿನ ಲಸಿಕೆ ಮೊದಲೇ ಹಾಕಿಸಿ. ಲಾಯದ ಮಣ್ಣಿನಲ್ಲಿ ಆ ರೋಗಾಣು ಇದ್ದೇ ಇರುತ್ತದೆ, ಕುದುರೆಗೆ ಅದು ಬಹಳ ಬೇಗ ತಗಲುತ್ತದೆ.